ಮಗು ಪಿಸ್ತೂಲು ಕೇಳಿದರೆ ಏನು ಮಾಡಬೇಕು?

ದಸರಾ ಬಂತೆಂದರೆ ಮೈಸೂರಿನಲ್ಲಿ ಆಯುಧಗಳ ವ್ಯಾಪಾರ ಜೋರು. ಗಾಬರಿಯಾಗಬೇಡಿ ಸ್ವಾಮಿ, ನಾವು ಹೇಳುತ್ತಿರುವುದು ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ, ಅರಮನೆ ಸುತ್ತಲಿನ ಫುಟ್‌ಪಾತಿನಲ್ಲಿ ಮಾರುವ ಪ್ಲಾಸ್ಟಿಕ್ ಕತ್ತಿ, ಗದೆ, ಬಿಲ್ಲು, ಪಿಸ್ತೂಲುಗಳ ವಿಷಯ. ದೀಪಾವಳಿ ಹೊತ್ತಿಗೆ ರೋಲ್ ಕ್ಯಾಪಿನ ಪಿಸ್ತೂಲೂ ಇವುಗಳ ಜೊತೆ ಸೇರುತ್ತದೆ. ಮಗು ಅಂಗಡಿ ಮುಂದೆ ನಿಂತು ಹಟ ಹಿಡಿಯುತ್ತದೆ. ಅಪ್ಪ ಕೊಡಿಸೋಣ ಅಂತಾನೆ, ಅಮ್ಮ ಬೇಡ ಅಂತಾಳೆ. ಕೊನೆಗೆ ಬಸ್ಸು ಹೊರಟುಹೋಗುತ್ತೆ ಅನ್ನೋ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಡಿಸಿ ನಡೀತಾರೆ. ಅಲ್ಲಿಗೆ ತೀರ್ಮಾನ ಮಾಡಿದ್ದು ಮಗುವಿನ ಅಳು.

ಮಕ್ಕಳ ಕೈಗೆ ಆಟದ ಆಯುಧ ಕೊಡಲೇಬಾರದು, ಹಿಂಸೆ ಕಲಿಯುತ್ತವೆ ಎನ್ನುವವರಿದ್ದಾರೆ. ಅವರ ಕಾಳಜಿಯನ್ನು ತೆಗೆದುಹಾಕುವಂತಿಲ್ಲ. ಆದರೆ ಈ ಊರಿನ ಮಗುವಿನ ಕಣ್ಣಿನಿಂದ ಒಮ್ಮೆ ನೋಡಿ. ಚಾಮುಂಡಿ ಬೆಟ್ಟದಲ್ಲಿ ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಹಾವು ಹಿಡಿದ ಮಹಿಷಾಸುರನ ಮುಂದೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುವವರು ನಾವೇ. ಗುಡಿಯ ತಾಯಿಯ ಕೈಗಳಲ್ಲೂ ಆಯುಧಗಳೇ. ಜಂಬೂಸವಾರಿ ದಿನ ಹೆಗಲ ಮೇಲೆ ಕೂರಿಸಿಕೊಂಡು 21 ಕುಶಾಲತೋಪಿನ ಸದ್ದು ಕೇಳಿಸುವವರೂ ನಾವೇ. ಇಷ್ಟೆಲ್ಲಾ ಆದ ಮೇಲೆ ‘ಕತ್ತಿ ಮುಟ್ಟಬೇಡ’ ಅಂದರೆ ಮಗು ಕೇಳೀತೇ? ನೀವು ಕೊಡಿಸದಿದ್ದರೆ ಪೊರಕೆ ಕಡ್ಡಿಯೇ ಬಾಣ, ಅಡಿಕೋಲೇ ಕತ್ತಿ, ಎರಡು ಬೆರಳೇ ಪಿಸ್ತೂಲು.

1975ರಲ್ಲಿ ರಾಜ್‌ಕುಮಾರ್ ಅವರ ‘ಮಯೂರ’ ಬಂದಾಗ ಬೀದಿ ಬೀದಿಯಲ್ಲಿ ಕತ್ತಿ ವರಸೆ ನಡೆಯಿತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಮನೆಮನೆಯ ತೆಂಗಿನ ಪೊರಕೆ ಬಡವಾಯಿತು. ಆಗ ಬಾಣ ಬಿಟ್ಟ ಹುಡುಗರೇ ಇವತ್ತು ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾರೆ, ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ. ಕತ್ತಿ ಆಟ ಆಡಿದ್ದಕ್ಕೇ ಇವರೆಲ್ಲ ರೌಡಿಗಳಾದರು ಅಂತ ಯಾರೂ ಹೇಳಲಾರರು. ಮಕ್ಕಳಿಗೆ ಅದು ಸುಳ್ಳು ಯುದ್ಧ ಎಂದು ಗೊತ್ತಿರುತ್ತದೆ. ಸತ್ತವನು ಮರುಗಳಿಗೆಯಲ್ಲಿ ಎದ್ದು ‘ಈಗ ನನ್ನ ಸರದಿ’ ಅಂತಾನೆ.

ಹಾಗಾದರೆ ಎಲ್ಲವನ್ನೂ ಕೊಡಿಸಬಹುದೇ? ಖಂಡಿತ ಇಲ್ಲ. ಇಲ್ಲಿ ಒಂದು ಗೆರೆ ಎಳೆಯಬೇಕು. ಮೊಂಡು ಪ್ಲಾಸ್ಟಿಕ್ ಕತ್ತಿ, ಗದೆ ಮಗುವಿನ ಕೈಯಲ್ಲೇ ಉಳಿಯುತ್ತವೆ. ಅವು ಆಟದ ಸಾಮಾನು. ಅದೇ ಕಾಳಿನ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ನು, ತುದಿಯ ರಬ್ಬರು ಕಿತ್ತುಹೋದ ಬಾಣ, ಇವು ಕೈಬಿಟ್ಟು ಹಾರುತ್ತವೆ. ಹಾರಿದ ಮೇಲೆ ಅದು ಎಲ್ಲಿ ಬೀಳುತ್ತದೋ ಬಿಟ್ಟವನ ಹಿಡಿತದಲ್ಲಿಲ್ಲ. ಎದುರು ನಿಂತವನ ಕಣ್ಣೂ ಆತನದೇ ಎತ್ತರದಲ್ಲಿರುತ್ತದೆ. ಇಂಥದ್ದನ್ನು ಐದಾರು ವರ್ಷದ ಮಗುವಿಗೆ ಕೊಡಿಸುವುದು ಮುದ್ದಲ್ಲ, ಬೇಜವಾಬ್ದಾರಿ.

ಇನ್ನು ಬೆಂಕಿ, ಗ್ಯಾಸು ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2025ರ ದೀಪಾವಳಿಯೇ ಸಾಕ್ಷಿ. ಭೋಪಾಲ್ ಮತ್ತು ಮಧ್ಯಪ್ರದೇಶದ ಬೇರೆ ಊರುಗಳಲ್ಲಿ ‘ಕಾರ್ಬೈಡ್ ಗನ್’ ಎಂಬ ಪೈಪು ಬೀದಿಬದಿಯಲ್ಲಿ ನೂರೈವತ್ತು, ಇನ್ನೂರು ರೂಪಾಯಿಗೆ ಮಾರಾಟವಾಯಿತು. ಪ್ಲಾಸ್ಟಿಕ್ ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ನೀರು ತಾಗಿಸಿದರೆ ಅಸಿಟಲೀನ್ ಗ್ಯಾಸು ಹುಟ್ಟುತ್ತದೆ. ಲೈಟರಿನ ಕಿಡಿ ಕೊಟ್ಟರೆ ಢಮ್! ಸದ್ದು ಬರದಿದ್ದಾಗ ಮಕ್ಕಳು ಪೈಪಿನೊಳಗೆ ಇಣುಕಿ ನೋಡಿದವು. ಆಗಲೇ ಅದು ಸಿಡಿಯಿತು. ನೂರಕ್ಕೂ ಹೆಚ್ಚು ಜನ ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಬಹಳಷ್ಟು ಮಂದಿ ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಂಡವರೂ ಇದ್ದರು. ಭೋಪಾಲ್ ದೂರ ಅಂತ ಸುಮ್ಮನಿರಬೇಡಿ. ಮಾವಿನಕಾಯಿ ಹಣ್ಣು ಮಾಡಲು ಬಳಸಬಾರದೆಂದು ಕಾನೂನೇ ಹೇಳಿರುವ ಅದೇ ಕಾರ್ಬೈಡ್ ಇದು. ವಿಡಿಯೋ ನಮ್ಮ ಮಕ್ಕಳ ಮೊಬೈಲಿಗೂ ಬರುತ್ತದೆ.

ಅಂಗಡಿಯವರಿಗೂ ಒಂದು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆದರೂ ಗುರುತಿಲ್ಲದ ಮಾಲು ಫುಟ್‌ಪಾತಿನಲ್ಲಿ ರಾಜಾರೋಷವಾಗಿ ಸಿಗುತ್ತದೆ. ‘ಗಿರಾಕಿ ಕೇಳ್ತಾರೆ, ನಾವು ಕೊಡ್ತೀವಿ’ ಎಂಬ ಉತ್ತರ ಸಾಲದು. ಕೇಳುವ ಗಿರಾಕಿಗೆ ಆರು ವರ್ಷ! ವ್ಯಾಪಾರಿಗಳು ಮನಸ್ಸು ಮಾಡಿದರೆ ಏನಾದೀತು ಎಂಬುದಕ್ಕೆ ಸ್ವೀಡನ್ ಇದೆ. 1979ರಲ್ಲಿ ಅಲ್ಲಿಯ ಆಟಿಕೆ ವ್ಯಾಪಾರಿಗಳು ಆಧುನಿಕ ಯುದ್ಧದ ಆಟಿಕೆ ಮಾರುವುದಿಲ್ಲ ಎಂದು ಸರ್ಕಾರದ ಜೊತೆ ಕೂತು ತಾವಾಗಿಯೇ ಒಪ್ಪಿಕೊಂಡರು. ನಾವು ಅಷ್ಟು ಕೇಳುತ್ತಿಲ್ಲ. ಗುಂಡು ಹಾರಿಸುವ ಗನ್ನು, ಐ.ಎಸ್.ಐ. ಇಲ್ಲದ ಮಾಲು ಇಡುವುದಿಲ್ಲ ಎಂದು ಸಂತೇಪೇಟೆಯ ಸಗಟು ವ್ಯಾಪಾರಿಗಳು ಹಬ್ಬಕ್ಕೆ ಮುಂಚೆ ತೀರ್ಮಾನ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಳಿದರ್ಧ ಮನೆಯದು. ಏನು ಕೊಡಿಸುವುದು, ಏನು ಬೇಡ ಎಂಬುದನ್ನು ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಹೊರಡಲಿ. ಮಗುವಿಗೂ ಮೊದಲೇ ಹೇಳಲಿ. ಕೊಡಿಸಿದರೆ ಜೊತೆಗೆ ಕಟ್ಟಳೆಯೂ ಇರಲಿ: ಯಾರ ಮುಖಕ್ಕೂ ಗುರಿ ಇಡಬಾರದು, ನಾಯಿ ಬೆಕ್ಕಿಗೂ ಕೂಡದು, ಆಟ ಬೇಡ ಅಂದವರ ಮೇಲೆ ಎರಗಬಾರದು. ಮೀರಿದರೆ ಆವತ್ತಿಗೆ ಕತ್ತಿ ಬೀರು ಸೇರಬೇಕು. ಒಂದು ವೇಳೆ ಕಣ್ಣಿಗೆ ಏಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ಹಾಲು ಎಣ್ಣೆ ಹಾಕಬೇಡಿ. ನೇರ ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಇನ್ನು ಕೆಲವರ ಮನೆಯ ಕಥೆಯೇ ಬೇರೆ. ಪಿಸ್ತೂಲು ಕೇಳಿದ್ದಕ್ಕೆ ಮಗುವಿನ ಕೆನ್ನೆಗೆ ಬಾರಿಸಿ ಅಹಿಂಸೆ ಕಲಿಸುವ ಅಪ್ಪಂದಿರಿದ್ದಾರೆ. ಆಟದ ಕತ್ತಿ ಬೇಡ ಅಂದವರೇ, ಮಗು ಊಟ ಮಾಡಲಿ ಅಂತ ಗುಂಡಿನ ಚಕಮಕಿಯ ಗೇಮು ಹಾಕಿ ಮೊಬೈಲು ಕೈಗೆ ಕೊಡುತ್ತಾರೆ. ಇದಕ್ಕೆ ಏನನ್ನೋಣ? ಮಗು ಹೊಡೆದಾಟವನ್ನು ಕತ್ತಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ದೊಡ್ಡವರ ಕೈಯಿಂದ, ಬಾಯಿಂದ ಕಲಿಯುತ್ತದೆ.

ಹಬ್ಬ ಮುಗಿದು ವಾರ ಕಳೆದರೆ ಪ್ಲಾಸ್ಟಿಕ್ ಕತ್ತಿ ಮುರಿದು ಕಸದ ಗಾಡಿ ಸೇರುತ್ತದೆ. ಇಪ್ಪತ್ತು ರೂಪಾಯಿ ಕೊಟ್ಟರೆ ಇನ್ನೊಂದು ಬರುತ್ತದೆ. ಹೋದ ಕಣ್ಣು ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾರುವವರೂ ಕೊಳ್ಳುವವರೂ ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.