ಡಬ್ಬಿಯ ಮೇಲಿನ ವಾಟನ್ನು ನಂಬಬೇಡಿ



ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಹೋಗುವಾಗ ಶಿಷ್ಯರು ಯಾರಾದರೂ ಕಾರು ನಿಲ್ಲಿಸಿ ಹತ್ತಿಸಿಕೊಂಡರೆ ಈಗ ಕೇಳಿಬರುವ ಹೆಮ್ಮೆಯ ಮಾತು ಒಂದೇ: "ಸಾರ್, ಕಂಪನಿ ಸ್ಪೀಕರ್ ತೆಗೆಸಿ 400 ವಾಟಿಂದು ಹಾಕ್ಸಿದೀನಿ." ನಾನೂರು ವಾಟ್ ಎಲ್ಲಿಂದ ಬರುತ್ತದಪ್ಪಾ ಎಂದು ಕೇಳಿದರೆ ಉತ್ತರವಿಲ್ಲ. ಡಬ್ಬಿಯ ಮೇಲೆ ಬರೆದಿದೆ, ಅಷ್ಟೆ! ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮಕ್ಕೆ ಪೂರ್ಣ ಅಂಕ ಪಡೆದವರೇ ಅಂಗಡಿಯ ಗಲ್ಲಾದ ಮುಂದೆ ಅದನ್ನು ಮರೆಯುತ್ತಾರೆ. ಈ ವಾಟಿನ ವ್ಯಾಪಾರ ವಿದ್ಯಾವಂತರ ಅವಿದ್ಯೆಯನ್ನೇ ಬಂಡವಾಳ ಮಾಡಿಕೊಂಡ ದಂಧೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಮಾಡೋಣ. ಎಂಜಿನ್ ಚಾಲನೆಯಲ್ಲಿರುವಾಗ ಕಾರಿನ ವಿದ್ಯುತ್ ಸುಮಾರು 14.4 ವೋಲ್ಟ್. ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸುಮಾರು 52 ವಾಟ್ ಬರುತ್ತದೆ. ಸ್ಟೀರಿಯೋಗಳ ಮೇಲೆ ಕಾಣುವ "50 ವಾಟ್ × 4" ಎಂಬ ಬರಹದ ಮೂಲ ಇದೇ. ಆದರೆ ಅದು ಧ್ವನಿಯ ಅಲೆಯ ತಲೆ ಕತ್ತರಿಸಿ ಚೌಕ ಮಾಡಿದಾಗಿನ ಲೆಕ್ಕ. ಅಲೆ ಮುರಿಯದೆ ಶುದ್ಧವಾಗಿ ಹೊರಡಬೇಕಾದರೆ ಅದರ ಅರ್ಧ. ಒಳಗಿನ ನಷ್ಟವನ್ನೂ ಕಳೆದರೆ ಒಂದೊಂದು ಸ್ಪೀಕರಿಗೆ ದಕ್ಕುವುದು 15ರಿಂದ 20 ವಾಟ್ ಮಾತ್ರ.

ಹಾಗಾದರೆ ಡಬ್ಬಿಯ ಮೇಲಿನ 400? ಸ್ಪೀಕರು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಅಲ್ಲಿ ಬರೆದಿರುವುದು ಅದು ಸುಡದೆ ತಾಳಿಕೊಳ್ಳುವ ಮಿತಿ. ಅದೂ ಕ್ಷಣಮಾತ್ರದ ಗರಿಷ್ಠ ಮಿತಿ. ಹತ್ತು ಪಲ್ಲ ಹಿಡಿಯುವ ಕಣಜ ಕಟ್ಟಿಸಿದ ಮಾತ್ರಕ್ಕೆ ಹೊಲದಲ್ಲಿ ಹತ್ತು ಪಲ್ಲ ರಾಗಿ ಬೆಳೆಯುತ್ತದೆಯೇ?

ನೋಡಬೇಕಾದ ಅಂಕಿ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಅದರ ಹೆಸರು ಸೆನ್ಸಿಟಿವಿಟಿ: 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬ ಅಳತೆ. 3 ಡೆಸಿಬೆಲ್ ಹೆಚ್ಚಬೇಕಾದರೆ ವಿದ್ಯುತ್ತು ಎರಡರಷ್ಟು ಬೇಕು. ಆದ್ದರಿಂದ 93 ಡೆಸಿಬೆಲ್‌ನ ಸ್ಪೀಕರು 18 ವಾಟಿನಲ್ಲಿ ಕೊಡುವ ಧ್ವನಿಯನ್ನು 87 ಡೆಸಿಬೆಲ್‌ನದು ಕೊಡಲು 72 ವಾಟ್ ಬೇಕು. ಕಂಪನಿ ಸ್ಟೀರಿಯೋ ಅಷ್ಟನ್ನು ಎಲ್ಲಿಂದ ತಂದೀತು? ಕೆಲವು ತಯಾರಕರು 1 ವಾಟಿನ ಬದಲು 2.83 ವೋಲ್ಟಿಗೆ ಈ ಅಳತೆ ಬರೆಯುತ್ತಾರೆ. 4 ಓಮ್‌ನಲ್ಲಿ ಅದು 2 ವಾಟ್ ಆಗುವುದರಿಂದ 3 ಡೆಸಿಬೆಲ್ ಕಳೆದು ಓದಬೇಕು.

ಹೆಚ್ಚು ವಾಟ್ ತಾಳಲೆಂದು ಭಾರವಾಗಿ ಮಾಡಿದ ಸ್ಪೀಕರು ಎಷ್ಟೋ ಸಲ ಕಂಪನಿಯದಕ್ಕಿಂತ ಸಣ್ಣಗೆ ಕೇಳುತ್ತದೆ. ಆಗ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸುತ್ತಾರೆ, ಅಲೆ ಮುರಿಯುತ್ತದೆ, ಟ್ವೀಟರ್ ಸುಟ್ಟುಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಓಮ್ ಹೊಂದದಿದ್ದರೆ ಇನ್ನೊಂದು ಅನರ್ಥ. 4 ಓಮ್‌ನ ಜಾಗದಲ್ಲಿ 2 ಓಮ್ ಹಾಕಿದರೆ ಇಮ್ಮಡಿ ಪ್ರವಾಹ ಹರಿದು ಸ್ಟೀರಿಯೋ ಕಾಯುತ್ತದೆ. ಪ್ರತ್ಯೇಕ ಆಂಪ್ಲಿಫೈಯರ್ ಸಹಿತ ಬರುವ ಕೆಲವು ಕಾರುಗಳಲ್ಲಿ ಮೂಲ ಸ್ಪೀಕರೇ 2 ಓಮ್‌ನದು; ಅಲ್ಲಿ 4 ಓಮ್ ಹಾಕಿದರೆ ಶಕ್ತಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮೊದಲು ಹಳೆಯದನ್ನು ಬಿಚ್ಚಿ ಅದರ ಹಿಂಬದಿಯನ್ನು ಓದಬೇಕು. ಇದನ್ನು ಮಾಡುವ ಅಂಗಡಿಯವರು ಎಷ್ಟು ಜನ?

ನನ್ನ ತಂಗಿಯ ಮಗನ ಕಾರಿಗೆ ಹೊಸ ಸ್ಪೀಕರ್ ಹಾಕಿದ ಅಂಗಡಿಯವರು ಎಡಗಡೆಯ ತಂತಿಗಳನ್ನು ತಿರುಗುಮುರುಗು ಮಾಡಿದ್ದರು. ಒಂದು ಕೋನು ಮುಂದಕ್ಕೆ ಬಂದಾಗ ಇನ್ನೊಂದು ಹಿಂದಕ್ಕೆ! ತಗ್ಗು ಸ್ವರಗಳು ಪರಸ್ಪರ ಕಳೆದುಹೋಗಿದ್ದವು. "ಬೇಸ್ ಇಲ್ಲ ಮಾವ, ವೂಫರ್ ಹಾಕಿಸಿ ಅಂತಾರೆ" ಎಂದ. 1.5 ವೋಲ್ಟಿನ ಸೆಲ್ಲು ಮುಟ್ಟಿಸಿ ಕೋನು ಯಾವ ಕಡೆ ಚಲಿಸುತ್ತದೆಂದು ನೋಡಿ ತಂತಿ ಬದಲಿಸಿದೆವು. ವೂಫರಿನ ಖರ್ಚು ಉಳಿಯಿತು. ಬಾಗಿಲಿನ ರಂಧ್ರಗಳನ್ನು ಮುಚ್ಚದಿದ್ದರೂ ಇದೇ ಗತಿ.

"ಗಿರಾಕಿ ಕೇಳೋದೇ ವಾಟು, ನಾವೇನ್ ಮಾಡಾಣ?" ಎಂಬುದು ವ್ಯಾಪಾರಿಗಳ ಸಮಜಾಯಿಷಿ. ಗಿರಾಕಿಗೆ ಹಾಗೆ ಕೇಳಲು ಕಲಿಸಿದವರು ಯಾರು? ನಿಜವಾಗಿಯೂ ಹೆಚ್ಚು ಶಕ್ತಿ ಬೇಕಾದವರಿಗೆ ಪ್ರತ್ಯೇಕ ಆಂಪ್ಲಿಫೈಯರ್ ಇದೆ. ಅದನ್ನು ಹೇಳಿ ಮಾರುವುದು ಪ್ರಾಮಾಣಿಕ ವ್ಯಾಪಾರ.

ನಷ್ಟವಾಗುತ್ತಿರುವುದು ಹಣ ಮಾತ್ರವಲ್ಲ. 85 ಡೆಸಿಬೆಲ್ ಶಬ್ದವನ್ನು ಕಿವಿ ದಿನಕ್ಕೆ 8 ಗಂಟೆ ತಾಳೀತು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ; 94ಕ್ಕೆ ಒಂದೇ ಗಂಟೆ. ಮೈಸೂರು ತಲುಪುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದಿರುತ್ತದೆ! ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಪ್ರಾಣಿಗಳ ಹಿತಕ್ಕಾಗಿ 2009ರಿಂದ ರಾತ್ರಿ ಸಂಚಾರವನ್ನೇ ನಿರ್ಬಂಧಿಸಿರುವ ಬಂಡೀಪುರದ ರಸ್ತೆಯಲ್ಲಿ, ಹಗಲು ಗಾಜಿಳಿಸಿ ಅಬ್ಬರಿಸುತ್ತಾ ಹೋಗುವವರಿಗೆ ಏನೆನ್ನೋಣ?

ಸ್ಪೀಕರನ್ನು ಪರೀಕ್ಷಿಸಲು ನಮ್ಮ ಸೀಮೆಯಲ್ಲೇ ಸಾಧನವಿದೆ. ನೀಲಗಾರರ ಮಂಟೇಸ್ವಾಮಿ ಪದವನ್ನೂ ದೇವರ ಗುಡ್ಡರ ಕಂಸಾಳೆ ಪದವನ್ನೂ ಹಾಕಿಸಿ, ಮಧ್ಯಮ ವಾಲ್ಯೂಮಿನಲ್ಲಿ ಕೇಳಿ. ತಂಬೂರಿಯ ಶ್ರುತಿ, ಕಂಸಾಳೆಯ ಕಂಚಿನ ನಾದ, ಹಾಡುವವನ ಮಾತು ಇವೆಲ್ಲ ಬೇರೆಬೇರೆಯಾಗಿ ಕೇಳಿದರೆ ಆ ಸ್ಪೀಕರು ನಿಮ್ಮ ಕಾರಿಗೆ ಹೊಂದಿದೆ ಎಂದರ್ಥ.

1827ರಲ್ಲಿ ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಜಾರ್ಜ್ ಓಮ್ ಕೂಡ ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು. ಆತನ ಮಾನ ಉಳಿಸುವುದು ನಿಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳಿ: ಎಷ್ಟು ಓಮ್? 1 ವಾಟಿಗೆ ಎಷ್ಟು ಡೆಸಿಬೆಲ್? ಆರ್‌ಎಂಎಸ್ ವಾಟ್ ಎಷ್ಟು? ಉತ್ತರ ಕೊಡಲಾರದ ಅಂಗಡಿಯಿಂದ ಎದ್ದು ಬನ್ನಿ.