ಹದಿನಾಲ್ಕು ಫಾದರುಗಳು, ಒಂದೇ ಪೂಜೆ

ಮೊನ್ನೆ ಭಾನುವಾರ ನೆಂಟರ ಊರಿಗೆ ಹೋಗಿದ್ದೆ. ಅವರ ಮಗ ಗುರುದೀಕ್ಷೆ ಪಡೆದು ಇಪ್ಪತ್ತೈದು ವರ್ಷ ತುಂಬಿತ್ತು, ಬೆಳಿಗ್ಗೆ ಹತ್ತಕ್ಕೆ ರಜತೋತ್ಸವದ ಬಲಿಪೂಜೆ. ಪೀಠದ ಸುತ್ತ ಹದಿನಾಲ್ಕು ಜನ ಫಾದರುಗಳು! ನೋಡೋಕೆ ಚೆಂದವೇ ಇತ್ತು. ಆಮೇಲೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, "ನಮ್ ಹಳ್ಳೀಲಿ ಇವತ್ತು ಪೂಜೆ ಇಲ್ಲ ಕಣಪ್ಪ. ನಮ್ ಸ್ವಾಮಿಯೋರೂ ಇಲ್ಲಿಗೇ ಬಂದವ್ರಲ್ಲ" ಅಂದರು. ಬೇಜಾರಿನಿಂದಲ್ಲ, ಸುಮ್ಮನೆ ಸುದ್ದಿ ಹೇಳಿದ ಹಾಗೆ. ನನಗೆ ಮಾತ್ರ ಪಾಯಸ ರುಚಿಸಲಿಲ್ಲ.

ಕ್ರೈಸ್ತರಲ್ಲದ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ಹಲವು ಗುರುಗಳು ಕೂಡಿ ಒಂದೇ ಬಲಿಪೂಜೆ ಅರ್ಪಿಸುವುದಕ್ಕೆ ಸಹಬಲಿಪೂಜೆ ಅನ್ನಬಹುದು. ಇದು ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಲ್ಯಾಟಿನ್ ಸಂಪ್ರದಾಯದ 1917ರ ಧರ್ಮಸಂಹಿತೆ ಗುರುದೀಕ್ಷೆ ಮತ್ತು ಬಿಷಪ್ ದೀಕ್ಷೆಯ ಪೂಜೆಗಳನ್ನು ಬಿಟ್ಟು ಬೇರೆಲ್ಲೂ ಇದಕ್ಕೆ ಒಪ್ಪಿರಲಿಲ್ಲ. ಪ್ರತಿ ಫಾದರೂ ತನ್ನ ಪೂಜೆ ತಾನೇ ಮಾಡಬೇಕು. ಹಳೆಯ ದೊಡ್ಡ ಚರ್ಚುಗಳ ಅಕ್ಕಪಕ್ಕದಲ್ಲಿ ಅಷ್ಟೊಂದು ಚಿಕ್ಕ ಪೀಠಗಳಿರುವುದಕ್ಕೆ ಇದೂ ಒಂದು ಕಾರಣ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬಾಗಿಲು ತೆರೆಯಿತು, 1965ರಲ್ಲಿ ಅದರ ವಿಧಿ ಪ್ರಕಟವಾಯಿತು. ಒಂದೇ ಪೀಠ, ಒಂದೇ ರೊಟ್ಟಿ, ಒಂದೇ ಗುರುತ್ವ ಅನ್ನುವುದು ಕಣ್ಣಿಗೇ ಕಾಣಲಿ ಎಂಬ ಆಶಯ. ಆದರೆ ಒಂಟಿಯಾಗಿ ಪೂಜೆ ಅರ್ಪಿಸುವ ಹಕ್ಕು ಪ್ರತಿ ಗುರುವಿಗೂ ಉಳಿದಿದೆ ಅಂತಲೂ ಅದೇ ಮಹಾಸಭೆ ಹೇಳಿತು. ಅದೇ ಚರ್ಚಿನಲ್ಲಿ ಸಹಬಲಿಪೂಜೆ ನಡೆಯುತ್ತಿರುವಾಗ ಮಾತ್ರ ಬೇಡ, ಪವಿತ್ರ ಗುರುವಾರವೂ ಬೇಡ.

ಈ ಹಕ್ಕಿನ ಬಗ್ಗೆ 2021ರಲ್ಲಿ ರೋಮಿನಲ್ಲೇ ಜಗಳವಾಯಿತು. ಸಂತ ಪೇತ್ರರ ಮಹಾದೇವಾಲಯದಲ್ಲಿ ಬೆಳಿಗ್ಗೆ ಬೆಳಿಗ್ಗೆ ಫಾದರುಗಳು ಒಬ್ಬೊಬ್ಬರೇ ಬೇರೆ ಬೇರೆ ಪೀಠಗಳಲ್ಲಿ ಪೂಜೆ ಮಾಡುವ ರೂಢಿ ಇತ್ತು. ಮಾರ್ಚ್ 22ರಿಂದ ಅದು ನಿಲ್ಲಲಿ, ಎಲ್ಲರೂ ಸಹಬಲಿಪೂಜೆಗೆ ಸೇರಲಿ ಎಂಬ ಸೂಚನೆ ಹೊರಟಿತು. ಕಾರ್ಡಿನಲ್ ಬರ್ಕ್, ಮುಲ್ಲರ್, ಸಾರಾ ಮುಂತಾದವರು ಬಹಿರಂಗವಾಗಿಯೇ ವಿರೋಧಿಸಿದರು. ಜೂನಿನಲ್ಲಿ ಅಲ್ಲಿನ ಮುಖ್ಯಗುರು ಕಾರ್ಡಿನಲ್ ಗಂಬೆತ್ತಿ ಅದನ್ನು ಸ್ವಲ್ಪ ಸಡಿಲಿಸಿದರು.

ನನ್ನನ್ನು ಕೇಳಿದರೆ, ಕೂಡಿ ಮಾಡುವ ಪೂಜೆಗೆ ಕರೆಯಬೇಕೇ ಹೊರತು ಎಳೆದು ತರಬಾರದು. ನಮ್ಮ ಊರ ಚರ್ಚಿನಲ್ಲಿ ನಿವೃತ್ತರಾದ ವಯಸ್ಸಾದ ಫಾದರೊಬ್ಬರಿದ್ದರು. ಬೆಳಿಗ್ಗೆ ಐದೂವರೆಗೆ ಅವರ ಪೂಜೆ, ಎದುರಿಗೆ ನನ್ನಜ್ಜಿ ಮತ್ತು ಇನ್ನಿಬ್ಬರು. ಆ ಪೂಜೆ ಹದಿನಾಲ್ಕು ಜನರ ಪೂಜೆಗಿಂತ ಕಡಿಮೆ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ.

ಆದರೆ ಈ ವಾದದಲ್ಲಿ ಎರಡೂ ಕಡೆಯವರು ಮಾತಾಡುವುದು ಗುರುಗಳ ಬಗ್ಗೆಯೇ! ಗುರುವಿನ ಹಕ್ಕು, ಗುರುಗಳ ಒಗ್ಗಟ್ಟು. ಬೆಂಚಿನ ಮೇಲೆ ಕೂತ ನಾವೆಲ್ಲಿ? 1983ರ ಧರ್ಮಸಂಹಿತೆಯ 902ನೇ ವಿಧಿ ಓದಿ ನೋಡಿ. ಗುರುಗಳು ಕೂಡಿ ಪೂಜೆ ಅರ್ಪಿಸಬಹುದು ಅನ್ನುತ್ತದೆ, ಆದರೆ ಅದಕ್ಕೆ ಮೊದಲು ಒಂದು ಷರತ್ತು ಇಡುತ್ತದೆ: ವಿಶ್ವಾಸಿಗಳ ಹಿತ ಬೇರೆ ರೀತಿ ಬೇಡದಿದ್ದರೆ. ಆ ಹಳ್ಳಿಯ ಹಿತ ಅವತ್ತು ಏನು ಬೇಡುತ್ತಿತ್ತು ಅಂತ ಹೇಳಲು ಕಾನೂನು ಪಂಡಿತರೇನೂ ಬೇಕಿಲ್ಲ.

ಹಬ್ಬ ಬೇಡ ಅನ್ನುತ್ತಿಲ್ಲ. ಇಪ್ಪತ್ತೈದು ವರ್ಷ ದುಡಿದವರ ಸುತ್ತ ಜೊತೆಯವರು ನಿಲ್ಲಲೇಬೇಕು. ಅದನ್ನು ಸೋಮವಾರ ಸಂಜೆಗೆ ಇಟ್ಟುಕೊಂಡಿದ್ದರೆ ಸಾಕಿತ್ತು. ಭಾನುವಾರವೇ ಆಗಬೇಕಿದ್ದರೆ, ಹದಿನಾಲ್ಕರಲ್ಲಿ ಒಬ್ಬರು ಆ ಹಳ್ಳಿಯ ಪೂಜೆ ಮುಗಿಸಿ ಊಟಕ್ಕೆ ಬರಬಹುದಿತ್ತು. ಪೀಠದ ಸುತ್ತ ಹದಿಮೂರು ಜನ ಇದ್ದಿದ್ದರೆ ಯಾರೂ ಎಣಿಸುತ್ತಿರಲಿಲ್ಲ. ಹಳ್ಳಿಯಲ್ಲಿ ಒಬ್ಬರಿಲ್ಲದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ನಿಮ್ಮ ಕಡೆ ಹೇಗೆ? ಫಾದರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಬೈದರೂ ಪರವಾಗಿಲ್ಲ, ಉತ್ತರ ಬರೆಯಿರಿ.