‘ಯಾರಿಂದ?’ ಅಂತ ಕೇಳೋ ಇಂಗ್ಲಿಷ್ ನಮ್ಮ ಮಕ್ಕಳಿಗೆ ಬೇಕು



ಮೊನ್ನೆ ಹುನಗುಂದ ತಾಲೂಕಿನ ಒಂದು ಊರಾಗ ನಮ್ಮ ಕೇರಿಗೆ ಹೋಗಿದ್ದೆ. ಎಸ್ಸೆಸ್ಸೆಲ್ಸಿ ಓದೋ ಹುಡುಗಿಯೊಬ್ಬಳು ಕಟ್ಟೆ ಮೇಲೆ ಕೂತು ‘ಪಾಸಿಂಗ್ ಪ್ಯಾಕೇಜ್’ ಹಿಡ್ಕೊಂಡು ಇಂಗ್ಲಿಷ್ ಗ್ರಾಮರ್ ಬಾಯಿಪಾಠ ಮಾಡ್ತಿದ್ದಳು. ‘ರಾಮ ಏಟ್ ಎ ಮ್ಯಾಂಗೋ’ ಅಂದೆ. ‘ಎ ಮ್ಯಾಂಗೋ ವಾಸ್ ಈಟನ್ ಬೈ ರಾಮ’ ಅಂತ ಪಟ್ಟನೆ ಪ್ಯಾಸಿವ್ ವಾಯ್ಸ್ ಮಾಡಿ ಹೇಳಿದಳು. ಆಮೇಲೆ ಅವಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಾಕ್ಯ ಬರೆದೆ: ‘ಎ ದಲಿತ್ ಬಾಯ್ ವಾಸ್ ಬೀಟನ್.’ ‘ಇದರಾಗ ಹೊಡದವರು ಯಾರವ್ವಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಅದನ್ನ ಪರೀಕ್ಷಾದಾಗ ಕೇಳೂದಿಲ್ರಿ ಕಾಕಾ’ ಅಂದಳು.

ತಪ್ಪು ಆ ಹುಡುಗೀದಲ್ಲ. ಮಾವಿನಹಣ್ಣು ತಿಂದವನ ಹೆಸರು ಪಾಠದಾಗ ಐತಿ, ದಲಿತನಿಗೆ ಹೊಡೆದವನ ಹೆಸರು ವಾಕ್ಯದಿಂದ ಮಾಯ. ಪ್ಯಾಸಿವ್ ವಾಯ್ಸ್‌ನ ನಿಜವಾದ ಪಾಠ ಇದೇ: ‘ಬೈ’ ತೆಗೆದುಬಿಟ್ಟರೆ ಮಾಡಿದವನು ಪಾರು! ಕನ್ನಡದಾಗೂ ಇದೇ ಆಟ. ‘ಬಹಿಷ್ಕಾರ ಹಾಕಲಾಗಿದೆ’, ‘ದೇವಸ್ಥಾನ ಪ್ರವೇಶ ನಿರಾಕರಿಸಲಾಗಿದೆ’. ಹಾಕಿದವರು ಯಾರ್ರೀ? ನಿರಾಕರಿಸಿದವರು ಯಾರ್ರೀ?

‘ಶಲ್’, ‘ಮೇ’ ಅನ್ನೋ ಎರಡು ಸಣ್ಣ ಪದ ನೋಡಿ. ಮಕ್ಕಳಿಗೆ ಅದು ಬಿಟ್ಟ ಸ್ಥಳ ತುಂಬೋ ಒಂದು ಅಂಕದ ಪ್ರಶ್ನೆ. ಕಾನೂನಿನಲ್ಲಿ ಸಾಮಾನ್ಯವಾಗಿ ‘ಶಲ್’ ಅಂದ್ರೆ ಮಾಡಲೇಬೇಕು, ‘ಮೇ’ ಅಂದ್ರೆ ಮಾಡಬಹುದು. ಬಡ್ತಿ ಮೀಸಲಾತಿ ಕೊಡಲೇಬೇಕು ಅಂತ ಸರ್ಕಾರಕ್ಕೆ ಕಡ್ಡಾಯ ಇಲ್ಲ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಕೊಡಬಹುದು’ ಮತ್ತು ‘ಕೊಡಲೇಬೇಕು’ ನಡುವಿನ ಅಂತರದಾಗ ನಮ್ಮ ಎಷ್ಟು ಮಂದಿಯ ಬದುಕು ಸಿಕ್ಕೊಂಡೈತಿ ಅನ್ನೋದನ್ನ ಯಾವ ಗೈಡೂ ಹೇಳೂದಿಲ್ಲ.

‘ಕನ್ನಡ ಸಾಕು, ಇಂಗ್ಲಿಷ್ ಯಾಕ?’ ಅನ್ನೋ ಮಹನೀಯರಿಗೆ ಒಂದು ಮಾತು. ನಿಮ್ಮ ಮಕ್ಕಳು ಯಾವ ಶಾಲೆಯಾಗ ಓದ್ತಾರ ಅಂತ ಮೊದಲು ಹೇಳಿ. ಕನ್ನಡ ನಮ್ಮದೂ ಹೌದು. ಬಾದಾಮಿ ಬಂಡೆ ಮೇಲಿನ ಕಪ್ಪೆ ಅರಭಟ್ಟನ ಶಾಸನ ನಮ್ಮದೂ ಹೌದು. ಆದರೆ ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್ ಅಂತ ಸಂವಿಧಾನದ 348ನೇ ವಿಧಿ ಹೇಳುತ್ತದೆ. ದೌರ್ಜನ್ಯ ಪ್ರಕರಣದ ಆರೋಪಿಗೆ ಧಾರವಾಡ ಪೀಠದಿಂದ ಜಾಮೀನು ಸಿಕ್ಕಾಗ, ಇಳಕಲ್ಲಿನ ಕಲ್ಲು ಕ್ವಾರಿಯಾಗ ದುಡಿಯೋ ಅಪ್ಪ ಆದೇಶದ ಹಾಳಿ ಹಿಡ್ಕೊಂಡು ‘ಏನಂತ ಬರದಾರ್ರಿ ವಕೀಲ್ರ?’ ಅಂತ ಕೇಳಬೇಕಾಗೈತಿ. ಅವನ ಮಗಳು ಓದಿ ಹೇಳೋ ಹಂಗಾಗಬೇಕು.

ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಪತ್ರಿಕೆಯನ್ನ ಮರಾಠಿಯಲ್ಲಿ ತಂದರು, 1936ರಲ್ಲಿ ‘ಜಾತಿ ವಿನಾಶ’ವನ್ನ ಇಂಗ್ಲಿಷಿನಲ್ಲಿ ಬರೆದರು. ತಮ್ಮ ಜನರ ಜೊತೆ ಮಾತಾಡೋಕೆ ಒಂದು ಭಾಷೆ, ಜಗತ್ತಿನ ಮುಂದೆ ವಾದ ಮಾಡೋಕೆ ಇನ್ನೊಂದು. ಎರಡರಲ್ಲೊಂದು ಬಿಡಿ ಅಂತ ಅವರಿಗೆ ಹೇಳೋ ಧೈರ್ಯ ಯಾರಿಗಿತ್ತು?

ಕಾನ್ವೆಂಟ್ ಅಂತ ಸಾಲ ಮಾಡಿ ಫೀಸ್ ಕಟ್ಟೋ ನಮ್ಮವರಿಗೂ ಒಂದು ಮಾತು. ಟೈ ಕಟ್ಟಿಸಿ ಅದೇ ಬಾಯಿಪಾಠ ಮಾಡಿಸಿದರೆ ಬದಲಾಗೋದು ಬೋರ್ಡ್ ಅಷ್ಟೇ. ಸರ್ಕಾರಿ ಶಾಲೆಯಲ್ಲಿ 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದೈತಿ. ಹತ್ತು ವರ್ಷ ಕಲಿತ ಮಗು ಒಂದು ಪ್ಯಾರಾ ಓದಿ ‘ಹಿಂಗಂದ್ರ ಹಿಂಗ’ ಅಂತ ಕನ್ನಡದಾಗ ಹೇಳಲಾರದು ಅಂದ್ರೆ ಅದು ಮಗುವಿನ ಫೇಲ್ ಅಲ್ಲ, ವ್ಯವಸ್ಥೆಯ ಫೇಲ್.

ಸಂಗಾತಿಗಳೇ, ಸರ್ಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟ ಇರಲಿ: ಪ್ರತಿ ಶಾಲೆಗೆ ಇಂಗ್ಲಿಷ್ ಬಲ್ಲ ಮೇಷ್ಟ್ರು, ಮಕ್ಕಳ ಕೈಗೆ ಸಿಗೋ ಗ್ರಂಥಾಲಯ, ಅರ್ಥ ಮಾಡಿಕೊಂಡಿದ್ದಕ್ಕೆ ಅಂಕ. ಅಲ್ಲಿತನಕ ನಾವು ಕೈಕಟ್ಟಿ ಕೂಡೋದು ಬ್ಯಾಡ. ಜಯಂತಿಯ ಡಿಜೆ ರೊಕ್ಕದಾಗ ಸ್ವಲ್ಪ ಉಳಿಸಿ ಪೇಪರು, ಡಿಕ್ಷನರಿ ತರೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಎಲ್ಲಿ ಅಂಬೇಡ್ಕರ್ ಭವನ ಐತೋ ಅಲ್ಲಿ ಭಾನುವಾರ ಒಂದು ತಾಸು. ದಿನಕ್ಕೊಂದು ಸುದ್ದಿ, ಮೂರೇ ಪ್ರಶ್ನೆ: ಏನಾಯ್ತು? ಯಾರಿಗಾಯ್ತು? ಮಾಡಿದವರ ಹೆಸರು ಎಲ್ಲಿ?

ಆ ಮೂರನೇ ಪ್ರಶ್ನೆ ಕೇಳೋದನ್ನ ಕಲಿತ ಮಗುವನ್ನ ಯಾರೂ ಸುಮ್ಮನಿರಿಸಲಾರರು.

ಜೈ ಭೀಮ್!